ಬಾಣದ ಗುರುತಿನ ಫೈಲು

ಕಂಪ್ಯೂಟರಿನ ಪರದೆಯಲ್ಲಿ ಕೆಲವು ಚಿತ್ರಗಳ ಮೂಲೆಗೆ ಪುಟ್ಟದೊಂದು ಬಾಣ ಇರುತ್ತದಲ್ಲ, ಅದನ್ನು ನಮ್ಮ ಗುಮಾಸ್ತ ಹನ್ನೊಂದು ತಿಂಗಳು ದಿನಾ ನೋಡಿದ್ದ. ಅಂದಕ್ಕೆ ಇಟ್ಟಿದ್ದಾರೆ ಅಂದುಕೊಂಡಿದ್ದ. ಅವನ ಗ್ರಹಚಾರವೆಲ್ಲ ಆ ಬಾಣದಲ್ಲೇ ಇತ್ತು.

ಅದು ತಕ್ಕಡಿ ತಯಾರಿಸುವ ಕಂಪನಿಯ ಆಫೀಸು. ಅಲ್ಲಿ ಅವನಿಗೆ ಮೂರು ವರ್ಷದಿಂದ ತಾತ್ಕಾಲಿಕ ಕೆಲಸ. ಮ್ಯಾನೇಜರ್ ಏನೇ ಹೇಳಿದರೂ ‘ಹೂಂ ಸಾರ್’ ಎನ್ನುತ್ತಿದ್ದರಿಂದ ಆಫೀಸಿನವರು ಹೂಂಸಾರಪ್ಪ ಎಂದೇ ಹೆಸರಿಟ್ಟಿದ್ದರು. ಎದುರಿಗೆ ಹೂಂಗುಟ್ಟಿದ್ದರ ಹೊಟ್ಟೆಯುರಿಯನ್ನೆಲ್ಲ ಅವನು ಒಂದು ಫೈಲಿನಲ್ಲಿ ಕಾರಿಕೊಳ್ಳುತ್ತಿದ್ದ. ಅದರ ಹೆಸರು ‘ದೊರೆಯ ದಿನಚರಿ’. ಮ್ಯಾನೇಜರ್ ಕನ್ನಡಕ ತಲೆಮೇಲಿಟ್ಟುಕೊಂಡು ಇಡೀ ಆಫೀಸನ್ನು ಹುಡುಕಾಟಕ್ಕೆ ಹಚ್ಚಿದ್ದು, ‘ಉಪ್ಪು ಸರಿಯಾಗಿದೆಯಾ ನೋಡೋಣ’ ಎಂದು ಕಂಡವರ ಊಟದ ಡಬ್ಬಿ ಅರ್ಧ ಖಾಲಿ ಮಾಡಿದ್ದು, ಎಲ್ಲವೂ ತಾರೀಖಿನ ಸಮೇತ. ದೊರೆ ಯಾರೆಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಅಷ್ಟು ಬುದ್ಧಿ ಇತ್ತು.

ಅವತ್ತು ಸಂಜೆ ಅವನ ಕೆಲಸ ಕಾಯಂ ಮಾಡುವ ಆದೇಶಕ್ಕೆ ಮ್ಯಾನೇಜರ್ ಸಹಿ ಹಾಕಬೇಕಿತ್ತು. ‘ಸಹಿ ಆಗದೆ ಮನೆ ಕಡೆ ತಲೆ ಹಾಕಬೇಡಿ’ ಎಂದು ಹೆಂಡತಿ ಬಾಗಿಲಲ್ಲೇ ಹೇಳಿ ಕಳಿಸಿದ್ದಳು.

ಅವತ್ತೇ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಮ್ಯಾನೇಜರ್ ಕಂಪ್ಯೂಟರು ಕೆಟ್ಟು ಕೂತಿತು.

“ರಿಪೇರಿ ಆಗೋವರೆಗೂ ನಿಮ್ದನ್ನ ನನ್ನ ರೂಮಿಗೆ ತಂದಿಡ್ರಿ,” ಎಂದರು ಅವರು.

“ಹೂಂ ಸಾರ್,” ಎಂದ ಹೂಂಸಾರಪ್ಪನಿಗೆ ಎರಡು ನಿಮಿಷ ಬಿಟ್ಟು ಜೀವ ಬಾಯಿಗೆ ಬಂತು. ದಿನಚರಿ ಪರದೆಯ ಮೇಲೆ ನಟ್ಟನಡುವೆ ಕೂತಿತ್ತು.

ಅವನು ಪೆನ್‌ಡ್ರೈವ್ ಸಿಕ್ಕಿಸಿ, ಬಾಣದ ಗುರುತಿನ ಆ ಚಿತ್ರವನ್ನು ಅದರೊಳಕ್ಕೆ ಎಳೆದುಹಾಕಿದ. ನೂರಿಪ್ಪತ್ತು ಪುಟ ರೆಪ್ಪೆ ಬಡಿಯುವುದರೊಳಗೆ ಕಾಪಿ ಆಯಿತು. ಎಂಥಾ ಮೆಷಿನ್ನಪ್ಪ ಎಂದು ಮೆಚ್ಚಿಕೊಂಡ. ಆಮೇಲೆ ಪರದೆ ಮೇಲಿದ್ದದ್ದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ.

“ಏನ್ ಮಾರಾಯ್ರೆ, ಫ್ಯಾನ್ ಕೆಳಗೆ ಕೂತು ಬೆವರ್ತಾ ಇದೀರಿ?” ಬೆನ್ನ ಹಿಂದೆ ಸ್ಟೋರ್ ಕೀಪರ್ ನಿಂತಿದ್ದ. ಬೇರೆಯವರ ಕೆಲಸ ಎಂದರೆ ಊಟ ಬಿಟ್ಟು ಬರುವ ಆಸಾಮಿ. “ಬಿಡಿ, ವೈರು ನಾನು ಬಿಚ್ತೀನಿ.” ಬಿಚ್ಚಬಾರದ ವೈರು ಬಿಚ್ಚಿ ಅರ್ಧ ಆಫೀಸಿನ ಫೋನು ನಿಲ್ಲಿಸಿದ ಮೇಲೆ ಕಂಪ್ಯೂಟರು ಒಳಗೆ ಹೋಯಿತು.

ಊಟದ ಹೊತ್ತಿಗೆ ಹೂಂಸಾರಪ್ಪ ತನ್ನ ಬರವಣಿಗೆ ಕ್ಷೇಮವಾಗಿದೆಯೇ ಎಂದು ನೋಡಲು ಬೀದಿಯಾಚೆಯ ಜೆರಾಕ್ಸ್ ಅಂಗಡಿಗೆ ಹೋದ. ಅಂಗಡಿಯ ಅಕ್ಕನ ಹತ್ತಿರ ಇದ್ದದ್ದು ಬೇರೆ ಕಂಪನಿಯ, ಬೇರೆ ರೀತಿಯ ಕಂಪ್ಯೂಟರು. ಅವಳು ಎರಡು ಸಲ ಒತ್ತಿ ನೋಡಿದಳು. ಇದನ್ನು ಏನು ಮಾಡಬೇಕೋ ತನಗೆ ಗೊತ್ತಿಲ್ಲ ಎಂದು ಅದು ಕೈಯೆತ್ತಿತು.

“ನಿಮ್ಮ ಮೆಷಿನ್ ಸರಿ ಇಲ್ಲ ಅನ್ಸುತ್ತೆ,” ಎಂದ.

“ನನ್ನ ಮೆಷಿನ್ನಿಗೆ ಏನೂ ಆಗಿಲ್ಲ. ಇದು ಶಾರ್ಟ್‌ಕಟ್ಟು ಕಣಣ್ಣ, ಫೈಲಿಗೆ ದಾರಿ ತೋರ್ಸೋ ಬಾಣ ಅಷ್ಟೆ. ಅಂಗಡಿ ಬಿಟ್ಟು ಬರೀ ಬೋರ್ಡು ಕಿತ್ಕೊಂಡು ಬಂದಿದೀಯ. ನಿಮ್ಮಾಫೀಸಿನ ಥರದ ಕಂಪ್ಯೂಟರಲ್ಲಿ ಇದಕ್ಕೆ ಒಂದು ನಮೂನೆ, ನಮ್ಮದರಲ್ಲಿ ಇನ್ನೊಂದು ನಮೂನೆ. ಅದರ ಬೋರ್ಡು ಇದಕ್ಕೆ ಓದೋಕೆ ಬರಲ್ಲ. ತಡಿ, ಒಳಗೇನಿದೆ ನೋಡ್ತೀನಿ.”

ಅವಳು ಅದನ್ನು ಬರೀ ಅಕ್ಷರ ತೋರಿಸುವ ಪ್ರೋಗ್ರಾಮಿನಲ್ಲಿ ತೆರೆದಳು. ಪರದೆ ತುಂಬ ಚಿತ್ರವಿಚಿತ್ರ ಗುರುತುಗಳು ಚೆಲ್ಲಾಡಿದವು. ಮಧ್ಯೆ ಒಂದೇ ಒಂದು ಸಾಲು ಓದುವಂತಿತ್ತು.

“ಇಗೋ, ವಿಳಾಸ. ‘ಹಳೇ ಸುತ್ತೋಲೆ’ ಅನ್ನೋ ಫೋಲ್ಡರಲ್ಲಿದೆ ನಿನ್ನ ಫೈಲು.”

“ನಾನು ಬೆಳಿಗ್ಗೆನೇ ಅಳಿಸಿದ್ನಲ್ಲಕ್ಕ.”

“ಬೋರ್ಡು ಅಳಿಸಿದೀಯ. ಅಂಗಡಿ ಬಾಗ್ಲು ತೆಗೆದೇ ಇದೆ.”

ಹೂಂಸಾರಪ್ಪನಿಗೆ ಈಗ ನೆನಪಾಯಿತು. ಸುತ್ತೋಲೆಯನ್ನು ಯಾರೂ ಓದುವುದಿಲ್ಲ ಎಂದು ಆ ಫೋಲ್ಡರಿನಲ್ಲಿ ಬಚ್ಚಿಟ್ಟವನು ಅವನೇ. ಚಿತ್ರವನ್ನು ಮುಂದೆ ತಂದಿಟ್ಟುಕೊಂಡ ಮೇಲೆ ಅದು ಮರೆತೇ ಹೋಗಿತ್ತು. ಪೆನ್‌ಡ್ರೈವ್ ಕಿತ್ತುಕೊಂಡು ಓಡಿದ.

ಮ್ಯಾನೇಜರ್ ರೂಮಿನ ಬಾಗಿಲು ಮುಚ್ಚಿತ್ತು. ಒಳಗಿನಿಂದ ಒಂದು ವಿಚಿತ್ರ ಸದ್ದು ಬರುತ್ತಿತ್ತು. ಕೆಮ್ಮೋ, ಬಿಕ್ಕಳಿಕೆಯೋ ತಿಳಿಯಲಿಲ್ಲ. ಅವನು ಬಾಗಿಲ ಮುಂದೆ ನಾಲ್ಕು ಸಲ ಶತಪಥ ತಿರುಗುವುದರೊಳಗೆ ಸ್ಟೋರ್ ಕೀಪರ್ ಹಾಜರಾದ.

“ಏನ್ ಸಮಾಚಾರ?”

“ಏನಿಲ್ಲ. ಆ ಕಂಪ್ಯೂಟರಲ್ಲಿ ಸ್ವಲ್ಪ ವೈರಸ್ ಇರಬಹುದು ಅಂತ...”

ಅಷ್ಟೇ ಸಾಕಾಯಿತು. ಸ್ಟೋರ್ ಕೀಪರ್ ಬಾಗಿಲು ತಳ್ಳಿಕೊಂಡು ಒಳನುಗ್ಗಿದ. “ಸಾರ್, ಕೈ ತೆಗೀರಿ, ವೈರಸ್ ಇದೆಯಂತೆ.” ಮ್ಯಾನೇಜರ್ ಪರದೆಯಲ್ಲಿದ್ದದ್ದನ್ನು ಫಕ್ಕನೆ ಮುಚ್ಚಿ, ಕುರ್ಚಿ ಸಮೇತ ಗೋಡೆಯವರೆಗೆ ಹಿಂದೆ ಸರಿದರು. ಹೂಂಸಾರಪ್ಪ ಕೂತ. ಬೆನ್ನ ಹಿಂದೆ ಮ್ಯಾನೇಜರ್, ಹೆಗಲ ಮೇಲೆ ಬಗ್ಗಿದ ಸ್ಟೋರ್ ಕೀಪರ್.

“ಮೊದ್ಲು ಆ ಸುತ್ತೋಲೆ ಫೋಲ್ಡರ್ ತೆಗೀರಿ,” ಎಂದು ಸ್ಟೋರ್ ಕೀಪರ್ ಅಪ್ಪಣೆ ಕೊಟ್ಟ. “ಹಳೇದ್ರಲ್ಲೇ ಸೇರ್ಕೊಳೋದು ಅದು.”

ಹೂಂಸಾರಪ್ಪ ಹೂಂ ಎಂದು ಒತ್ತಿದ. ಫೋಲ್ಡರ್ ತೆರೆದುಕೊಳ್ಳುವ ಹೊತ್ತಿಗೆ ದೇವರು ಕಣ್ಣುಬಿಟ್ಟ. ಸತ್ತಿದ್ದ ಫೋನಿಗೆ ಜೀವ ಬಂದು ಗಣಗಣ ಬಡಿದುಕೊಂಡಿತು. ಇಬ್ಬರೂ ಅತ್ತ ತಿರುಗಿದರು. ಹೂಂಸಾರಪ್ಪ ದಿನಚರಿಯನ್ನು ಬುಟ್ಟಿಗೂ ಹೋಗದಂತೆ ಬೇರುಸಹಿತ ಅಳಿಸಿಬಿಟ್ಟ. ಫೋನಿನಲ್ಲಿ ಯಾರೋ ರಾಂಗ್ ನಂಬರ್. ಅವರಿಗೆ ಮನಸ್ಸಿನಲ್ಲೇ ಕೈಮುಗಿದ.

ಸಂಜೆ ಐದಕ್ಕೆ ಮ್ಯಾನೇಜರ್ ಕರೆಸಿದರು. ಮೇಜಿನ ಮೇಲೆ ಕಾಯಂ ಆದೇಶ, ಪಕ್ಕದಲ್ಲಿ ಮುಚ್ಚಳ ತೆಗೆದ ಪೆನ್ನು.

“ಇದರಲ್ಲಿ ಒಂದು ಫೈಲಿತ್ತು. ಈಗ ಕಾಣ್ತಿಲ್ಲ.”

“ಯಾ... ಯಾವುದು ಸಾರ್?”

“ದೊರೆಯ ದಿನಚರಿ. ಟೈಪ್ ಮಾಡೋ ಪ್ರೋಗ್ರಾಂ ತೆಗೀತಿದ್ದ ಹಾಗೇ ಮೊನ್ನೆ ಮೊನ್ನೆ ತೆರೆದದ್ದು ಅಂತ ಅದರ ಹೆಸರೇ ಮೊದಲು ಬಂತು. ಬೆಳಿಗ್ಗೆಯಿಂದ ಓದಿ ಓದಿ ನಕ್ಕು ಹೊಟ್ಟೆ ಹುಣ್ಣಾಗಿದೆ ಕಣ್ರಿ. ಹೆಡ್ಡಾಫೀಸಿನ ದೊಡ್ಡ ಸಾಹೇಬರನ್ನ ಎಷ್ಟು ಚೆನ್ನಾಗಿ ಅಕ್ಷರಕ್ಕೆ ಇಳಿಸಿದ್ದಾನೆ ಪುಣ್ಯಾತ್ಮ. ಅದೇ ಜಿಪುಣತನ, ಅದೇ ದೌಲತ್ತು. ನೀವಿಲ್ಲದಾಗ ಈ ಕಂಪ್ಯೂಟರ್ ಮುಂದೆ ಯಾರು ಕೂರ್ತಾರೆ? ಇದೆಲ್ಲ ನಿಮ್ಮ ಕೈಲಿ ಆಗೋ ಕೆಲಸ ಅಲ್ಲ ಬಿಡಿ. ಅವನ್ಯಾರು ಅಂತ ಗೊತ್ತಾದ್ರೆ ಕಾಯಂ ಮಾಡೋದೇನು, ಬಡ್ತಿನೇ ಕೊಡಿಸ್ತೀನಿ.”

ಹೂಂಸಾರಪ್ಪನ ಎದೆ ಉಬ್ಬಿತು. ಹನ್ನೊಂದು ತಿಂಗಳ ಶ್ರಮ, ಮೊದಲ ಓದುಗ, ಮೇಲಿಂದ ಬಡ್ತಿ. ಬಾಯಿ ತಡೆಯಲಿಲ್ಲ.

“ನಾನೇ ಸಾರ್ ಬರೆದಿದ್ದು. ಒಂದೊಂದು ಅಕ್ಷರವೂ ನಂದೇ.”

“ಭಲೆ,” ಎಂದು ಮ್ಯಾನೇಜರ್ ಎದ್ದು ಕೈ ಕುಲುಕಿದರು. “ಅಳಿಸಿಹೋದ್ರೂ ಚಿಂತೆ ಇಲ್ಲ. ನಮ್ಮನೆಯವಳೂ ಓದ್ಲಿ ಅಂತ ಆಗಲೇ ಮೇಲ್ ಮಾಡಿದೀನಿ.” ಸಹಿ ಹಾಕಲು ಪೆನ್ನು ಕಾಗದಕ್ಕೆ ತಾಗಿಸಿದರು. ಆಗ ಅವರ ಮೊಬೈಲು ಬಡಿದುಕೊಂಡಿತು. “ನೋಡಿ, ಅವಳೇ. ನೀವೂ ಕೇಳಿ,” ಎಂದು ಸ್ಪೀಕರ್ ಒತ್ತಿದರು.

ಆ ಕಡೆಯಿಂದ ಒಂದು ನಿಮಿಷ ಬರೀ ನಗು. ಆಮೇಲೆ ಮಾತು ಬಂತು. “ರೀ, ಇದನ್ನ ಬರೆದ ಮಹಾನುಭಾವ ಯಾರು? ಸೀನೋ ಮುಂಚೆ ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸೋದು, ಸುಳ್ಳು ಹೇಳುವಾಗ ಕಿವಿ ಕೆರೆಯೋದು, ಅಯ್ಯೋ, ಇಪ್ಪತ್ತೆಂಟು ವರ್ಷದಿಂದ ನಾನು ಬಾಯಿ ಬಡ್ಕೊಂಡಿದ್ದನ್ನೆಲ್ಲ ಬರೆದಿದ್ದಾನಲ್ರೀ. ನೀವೇ ಎದುರಿಗೆ ನಿಂತ ಹಾಗಿದೆ.”

ಕಿವಿಯ ಕಡೆ ಹೊರಟಿದ್ದ ಮ್ಯಾನೇಜರ್ ಕೈ ಅರ್ಧದಲ್ಲೇ ನಿಂತಿತು. ಫೋನಿನ ಕಡೆ ನೋಡಿದರು. ಹೂಂಸಾರಪ್ಪನ ಕಡೆ ನೋಡಿದರು. ಫೋನನ್ನು ಕಿವಿಗೆ ಒತ್ತಿಕೊಂಡು ಕಿಟಕಿ ಹತ್ತಿರ ಹೋಗಿ ಬಹಳ ಹೊತ್ತು ‘ಆಯ್ತಮ್ಮ, ಆಯ್ತಮ್ಮ’ ಎಂದರು. ಹಿಂದಿರುಗಿ ಬಂದು ಪೆನ್ನಿಗೆ ಮುಚ್ಚಳ ಹಾಕಿ, ಆದೇಶವನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

“ಕಾಯಂ ಅಂತೂ ಮಾಡಲ್ಲ,” ಎಂದರು. “ಕೆಲಸದಿಂದ ಕಿತ್ತು ಬಿಸಾಕೋಣ ಅಂದ್ರೆ, ಅವಳಿಗೆ ಸೋಮವಾರದೊಳಗೆ ಮುಂದಿನ ಭಾಗ ಬೇಕಂತೆ.”