ಕೂದಲೆಳೆ ಕಾಲುವೆಯಲ್ಲಿ ಗುಳ್ಳೆ

ಬೆಳಿಗ್ಗೆ ಹತ್ತಕ್ಕೆ ಹನಿಯಪ್ಪನ ಹಣೆಬರಹ ಕೆಡಿಸಿದ್ದು ಒಂದು ಗಾಳಿಗುಳ್ಳೆ. ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು.

ಹದಿನಾಲ್ಕು ವರ್ಷದಿಂದ ಪ್ರಯೋಗಾಲಯದಲ್ಲಿ ಹನಿಗಳ ವಿಷಯ ಬಿಟ್ಟು ಬೇರೆ ಮಾತಾಡದ ಅವನಿಗೆ ಸಹೋದ್ಯೋಗಿಗಳು ಇಟ್ಟ ಹೆಸರೇ ಹನಿಯಪ್ಪ. ಅಂಚೆಚೀಟಿಯಷ್ಟಗಲದ ಪಾರದರ್ಶಕ ರಬ್ಬರ್ ಬಿಲ್ಲೆ, ಅದರೊಳಗೆ ಕೂದಲೆಳೆಯಷ್ಟು ಸಪೂರ ಕಾಲುವೆ. ಅದರಲ್ಲಿ ಒಂದೇ ಹನಿ ರಕ್ತ ಹೇಳಿದ ಕಡೆ ಹರಿದು ಹೇಳಿದ ಕಡೆ ತಿರುಗಬೇಕು. ಮೂರು ಗಂಟೆಗೆ ಪರೀಕ್ಷಕರು ಬರುವವರಿದ್ದರು. ಅವರು ಮೆಚ್ಚಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಆ ಕೋಣೆ ಜೆರಾಕ್ಸ್ ಯಂತ್ರಕ್ಕೆ.

ಗುಳ್ಳೆ ಮಾತ್ರ ಬಾಗಿಲಿಗಡ್ಡ ಕುರ್ಚಿ ಹಾಕಿಕೊಂಡ ಸೋದರಮಾವನ ಹಾಗೆ ಕಾಲುವೆಯ ತಿರುವಿನಲ್ಲಿ ಕೂತಿತ್ತು. ರಕ್ತದ ಬದಲು ಪ್ರಯೋಗಕ್ಕೆ ಬಿಟ್ಟ ಬಣ್ಣದ ನೀರು ಹಿಂದೆ ನಿಂತು ಕಾಯುತ್ತಿತ್ತು.

"ತಟ್ಟಿ ನೋಡಿ, ಹೋಗುತ್ತೆ" ಎನ್ನುತ್ತ ಸ್ಟೋರ್ ಕೀಪರ್ ಕೈಲಿದ್ದ ಸ್ಟೇಪ್ಲರಿನಿಂದ ತಾವೇ ತಟ್ಟಿದರು. ಗುಳ್ಳೆ ಎರಡಾಯಿತು.

"ಬಿಸಿ ಮಾಡಿ ಸಾರ್, ನಮ್ಮನೆ ನಲ್ಲಿ ಹಾಗೇ ಸರಿಹೋಯ್ತು" ಎಂದು ನೆಲ ಒರೆಸುವ ಅಕ್ಕ ಚಹಾದ ಲೋಟವನ್ನೇ ಬಿಲ್ಲೆಗೆ ಒತ್ತಿದಳು. ಬಿಸಿಗೆ ಉಬ್ಬಿ ಎರಡೂ ಸೇರಿ ಒಂದು ದೊಡ್ಡ ಗುಳ್ಳೆಯಾಯಿತು.

ಅಷ್ಟರಲ್ಲಿ ದೊಡ್ಡ ಸಾರ್ ಬಂದರು. "ಪಂಪ್ ಜೋರು ಮಾಡ್ರೀ, ಅದೇನು ಬಂಡೆನಾ?"

"ಬೇಡ ಸಾರ್, ನಳಿಗೆ ಕಿತ್ಕೊಳ್ಳುತ್ತೆ."

"ನಾನು ಹೇಳ್ತಿದೀನಲ್ಲ."

ಹನಿಯಪ್ಪ ಜೋರು ಮಾಡಿದ. ನಳಿಗೆ ಕಿತ್ತುಕೊಂಡಿತು. ದೊಡ್ಡ ಸಾರ್ ಬಿಳಿ ಅಂಗಿಯ ಮೇಲೆ ಹರಡಿದ ನೀಲಿ ಕಲೆಯನ್ನು ನೋಡಿಕೊಂಡು, "ಇದಕ್ಕೆ ಹನಿ ಅನ್ನಲ್ಲ ಕಣಯ್ಯ" ಎಂದಷ್ಟೇ ಹೇಳಿ ಹೊರನಡೆದರು.

ಹನಿಯಪ್ಪ ಉಳಿದವರನ್ನೂ ಹೊರಗೆ ಕಳಿಸಿ ಚಿಲಕ ಹಾಕಿದ. ರಬ್ಬರಿಗೆ ಉಸಿರಾಡುವ ಗುಣವಿದೆ, ನೀರು ಸೋರದಿದ್ದರೂ ಗಾಳಿ ಸೋರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ನಳಿಗೆ ಮತ್ತೆ ಸಿಕ್ಕಿಸಿ ಕಾಲುವೆಯ ಹೊರಬಾಯಿ ಮುಚ್ಚಿದ. ಸಿರಿಂಜನ್ನು ಹೆಬ್ಬೆರಳಿನಿಂದ ಮೆತ್ತಗೆ, ಒಂದೇ ಸಮ ಒತ್ತುತ್ತ ಕೂತ. ಮೂಗು ತುರಿಸಿತು, ಬಿಟ್ಟ. ಊಟದ ಹೊತ್ತು ಮೀರಿತು, ಬಿಟ್ಟ. ಬೆರಳು ಮರಗಟ್ಟಿತು, ಇನ್ನೊಂದು ಕೈಯಿಂದ ಅದನ್ನೇ ಒತ್ತಿ ಹಿಡಿದ. ಸೂಕ್ಷ್ಮದರ್ಶಕದಲ್ಲಿ ಗುಳ್ಳೆ ಕುಗ್ಗಿತು, ಚುಕ್ಕೆಯಾಯಿತು, ಎರಡೂ ಮುಕ್ಕಾಲಿಗೆ ಇಲ್ಲವಾಯಿತು.

ಪರೀಕ್ಷಕರ ಮುಖ್ಯಸ್ಥೆ ಬಂದು ಕಣ್ಣಿಟ್ಟಾಗ ಕೆಂಪು, ನೀಲಿ ನೀರು ಒಂದಕ್ಕೊಂದು ಬೆರೆಯದೆ ಜೋಡಿಯಾಗಿ ಹರಿಯುತ್ತಿದ್ದವು.

"ಚೆನ್ನಾಗಿದೆ" ಎಂದರು ಆಕೆ. "ಆದ್ರೆ ಹರಿಸೋದು ಎಲ್ರಿಗೂ ಬರುತ್ತೆ. ಬೇಕಾದಲ್ಲಿ ನಿಲ್ಲಿಸೋದಕ್ಕೇ ನಾವು ಎರಡು ವರ್ಷದಿಂದ ಒದ್ದಾಡ್ತಿರೋದು. ಒಂದು ಗುಳ್ಳೆ ಯಾವ ಒತ್ತಡಕ್ಕೂ ಜಗ್ಗದೆ ಹರಿವನ್ನ ತಡೆದಿದೆ, ನಾಳೆ ಬನ್ನಿ ಅಂತ ನಿಮ್ಮ ಸಾರ್ ಫೋನ್ ಮಾಡಿದ್ರು. ಅದನ್ನ ನೋಡೋಕೇ ಇವತ್ತೇ ಓಡಿ ಬಂದ್ವಿ. ಎಲ್ಲಿ ಅದು?"

"ಈಗಷ್ಟೇ ಕರಗಿಸಿದೆ ಮೇಡಂ."

"ಸರಿ, ಇನ್ನೊಂದು ಕೂರಿಸಿ. ಕಾಯ್ತೀವಿ."

ಹನಿಯಪ್ಪ ಸಿರಿಂಜಿನಿಂದ ಕಾಲುವೆಗೆ ಒಂದಿಷ್ಟು ಗಾಳಿ ತಳ್ಳಿದ. ಗುಳ್ಳೆ ತಿರುವಿನಲ್ಲಿ ನುಣ್ಣಗೆ ಜಾರಿ ಹೊರಬಿತ್ತು. ಎರಡನೆಯದೂ ಅಷ್ಟೇ. ಹದಿನೇಳನೆಯದು ಹೊರಬಿದ್ದಾಗ ಆಕೆ ಕೈಗಡಿಯಾರ ನೋಡಿ ಚೀಲ ಎತ್ತಿಕೊಂಡರು.

"ಒಂದ್ನಿಮಿಷ ಮೇಡಂ, ಇದು ಕೂರೋ ಥರ ಇದೆ" ಎನ್ನುತ್ತ ಹನಿಯಪ್ಪ ತಲೆಯೆತ್ತದೆ ಹದಿನೆಂಟನೆಯದಕ್ಕೆ ಸಿರಿಂಜು ಎಳೆದ.