ಟಗರಿನ ಉಣ್ಣೆಯೂ ಒಂದು ಇಂಗ್ಲಿಷ್ ಬೈಗುಳವೂ

ಕರಿ ಕೋಟು ಹಾಕಿಕೊಂಡವನಿಗೆ ಫಜೀತಿಗಳು ತಪ್ಪುವುದಿಲ್ಲ. ರಾಯಚೂರಿನಿಂದ ಬಸ್ಸು ಹಿಡಿದು ಒಂದು ದಿನ ಮಾನವಿ ಕೋರ್ಟು, ಇನ್ನೊಂದು ದಿನ ದೇವದುರ್ಗ ಕೋರ್ಟು ಅಂತ ಅಲೆಯುವ ನನಗಂತೂ ಇವು ಕಟ್ಟಿಟ್ಟ ಬುತ್ತಿ. ಆದರೆ ಒಂದೇ ಕೇಸಿನಲ್ಲಿ ಇಷ್ಟೆಲ್ಲ ಆದದ್ದು ಆ ಟಗರಿನಿಂದ.

ನನ್ನ ಕಕ್ಷಿದಾರಳು ದೇವದುರ್ಗದ ಕಡೆಯ ಒಬ್ಬ ಮುದುಕಿ, ಕುರಿ ಸಾಕುವವಳು. ಮಗಳನ್ನು ಕೊಟ್ಟ ಮನೆಯ ಯಜಮಾನ, ಅಂದರೆ ಅವಳ ಬೀಗ, ಮದುವೆಯ ಖುಷಿಯಲ್ಲಿ ಒಂದು ಕರಿ ಟಗರಮರಿ ಕೊಟ್ಟಿದ್ದ. ಬರೀ ಬಾಯಿಮಾತು. ಮುದುಕಿ ಅದನ್ನು ಬೆಳೆಸಿ ಹಿಂಡಿನ ಬಿತ್ತನೆ ಟಗರು ಮಾಡಿಕೊಂಡಳು. ಟಗರು ನಾಲ್ಕು ಮಂದಿ ನಿಂತು ನೋಡುವಂತಾದ ಮೇಲೆ ಬೀಗನಿಗೆ ಹೊಟ್ಟೆಯುರಿ ಶುರುವಾಯಿತು. ನಾನು ಕೊಟ್ಟೇ ಇಲ್ಲ, ಕದ್ದಿದ್ದಾಳೆ ಎಂದು ದೂರು ಕೊಟ್ಟ. ಕಿವಿಯಲ್ಲಿ ಕೊಯ್ದ ಗುರುತು ಅವನ ಮನೆಯದೇ ಆಗಿತ್ತು. ಪೊಲೀಸರು ಟಗರನ್ನು ಜಪ್ತಿ ಮಾಡಿ ಠಾಣೆಯ ಅಂಗಳದಲ್ಲಿ ಕಟ್ಟಿದರು.

ಮುದುಕಿ ನನ್ನ ಮುಂದೆ ಕೂತು ಹೇಳಿದಳು: “ಯಪ್ಪಾ, ನನಗ ಜೈಲಾದ್ರ ಆಗ್ಲಿ. ಟಗರು ಬಿಡಸಿ ಕೊಡ್ರಿ. ಅದಿಲ್ದ ನನ್ನ ಹಿಂಡು ನಡಿಯಂಗಿಲ್ಲ.”

ಆರೋಪಿಯೊಬ್ಬರು ತಮ್ಮನ್ನು ಬಿಟ್ಟು ಟಗರನ್ನು ಬಿಡಿಸಿ ಎಂದು ಕೇಳಿದ್ದು ನನ್ನ ವಕೀಲಿಯಲ್ಲಿ ಅದೇ ಮೊದಲು. ನನಗೆ ಅವಳ ಮೇಲೆ ಪ್ರೀತಿ ಹುಟ್ಟಿತು.

ಸಮನ್ಸ್ ಜಾರಿ

ಸಮನ್ಸ್ ಹೊರಟಾಗ ಮುದುಕಿ ಊರಲ್ಲಿರಲಿಲ್ಲ. ಮಾನವಿ ತಾಲ್ಲೂಕಿನ ಮಲ್ಲಟದ ಹೊಲಗಳಲ್ಲಿ ಹಿಂಡು ಹಾಕಿಕೊಂಡಿದ್ದಳು. ಠಾಣೆಯ ಕಾನ್‌ಸ್ಟೇಬಲ್ ಬೈಕಿನಲ್ಲಿ ಅಲ್ಲಿಗೆ ಹೋದ. ಸಮನ್ಸ್ ಒಂದು ಕೈಯಲ್ಲಿ ಹಿಡಿದು, ಹೆಬ್ಬೆಟ್ಟು ಒತ್ತಿಸಲು ಶಾಯಿ ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹುಡುಕುತ್ತಿದ್ದಾಗ ಹಿಂದಿನಿಂದ ಬಂದ ಕುರಿಯೊಂದು ಸಮನ್ಸನ್ನು ಎಳೆದು ತಿಂದುಬಿಟ್ಟಿತು. ಪ್ರಾಮಾಣಿಕ ಮನುಷ್ಯ, ಆದದ್ದನ್ನು ಆದ ಹಾಗೆಯೇ ವರದಿಯಲ್ಲಿ ಬರೆದ.

ನನಗೆ ಹಬ್ಬ. ಎದ್ದು ನಿಂತು, “ಸ್ವಾಮಿ, ಸಮನ್ಸ್ ನನ್ನ ಕಕ್ಷಿದಾರಳಿಗೆ ಮುಟ್ಟಿಲ್ಲ, ಆಕೆಗೆ ಈ ಕೇಸಿನ ವಿಷಯವೇ ಗೊತ್ತಿಲ್ಲ” ಎಂದೆ.

ಸರ್ಕಾರಿ ವಕೀಲರು ಬಿಡುವವರಲ್ಲ. “ಕುಟುಂಬದ ವಯಸ್ಕ ಸದಸ್ಯರಿಗೆ ಮುಟ್ಟಿದರೂ ಸಾಕು ಅಂತ ಕಾನೂನು ಇದೆ” ಎಂದರು. ಆ ಕುರಿ ವಯಸ್ಸಿಗೆ ಬಂದಿತ್ತೋ ಇಲ್ಲವೋ ಎಂದು ನಾವಿಬ್ಬರೂ ಸುಮಾರು ಹೊತ್ತು ವಾದ ಮಾಡಿದೆವು.

ನ್ಯಾಯಾಧೀಶರು ಮೈಸೂರು ಕಡೆಯವರು, ನಗುವುದು ಕಡಿಮೆ. ಎಲ್ಲ ಕೇಳಿ ನನ್ನನ್ನು ನೋಡಿದರು. “ಆರೋಪಿಗೆ ಕೇಸಿನ ವಿಷಯ ಗೊತ್ತಿಲ್ಲ. ಹಾಗಾದರೆ ನಿಮಗೆ ವಕಾಲತ್ತು ಕೊಟ್ಟಿದ್ದು ಆ ಕುರಿಯೇ?”

ಮುಖ ಪರಿಚಯ

ಬೀಗ ಸಾಕ್ಷಿ ಹೇಳಲು ಬಂದ. ಪಾಟೀಸವಾಲಿಗೆ ನಾನು ಹಿಂದಿನ ದಿನವೇ ತಯಾರಾಗಿದ್ದೆ.

“ಇದು ನಿನ್ನದೇ ಟಗರು ಅಂತ ಹೆಂಗ ಹೇಳ್ತಿ?”

“ಮಾರಿ ನೋಡಿದ್ರ ಗೊತ್ತಾಗ್ತದ್ರಿ.”

“ಕರಿ ಟಗರು ಅಂದ್ರ ಎಲ್ಲಾ ಒಂದs ನಮೂನಿ ಕಾಣ್ತಾವ. ಮಾರಿಯೊಳಗ ಏನು ಫರಕು ಅದ?”

ಅವನು ನನ್ನ ಕಡೆಯಿಂದ ಹಿಡಿದು ಹಿಂದೆ ಸಾಲಾಗಿ ಕೂತಿದ್ದ ವಕೀಲರನ್ನೆಲ್ಲ ಒಮ್ಮೆ ನೋಡಿದ. “ನನಗೂ ನೀವೆಲ್ಲಾರೂ ಒಂದs ನಮೂನಿ ಕಾಣ್ತೀರ್ರಿ. ನಿಮ್ಮ ನಿಮ್ಮ ಮನ್ಯಾಗ ಗುರ್ತು ಹಿಡೀತಾರಲ್ರಿ.”

ಬೈಗುಳ

ಇನ್ನು ನನಗೆ ಉಳಿದದ್ದು ಉಣ್ಣೆಯೊಂದೇ. ಜಪ್ತಿಯ ಪಂಚನಾಮೆಯಲ್ಲಿ ಕಿವಿಯ ಗುರುತಿನ ಮಾತೇ ಇರಲಿಲ್ಲ, ‘ಮೈತುಂಬ ದಟ್ಟ ಕಪ್ಪು ಉಣ್ಣೆಯುಳ್ಳ ಟಗರು’ ಎಂದಷ್ಟೇ ಬರೆದಿತ್ತು. ಕೋರ್ಟಿಗೆ ತಂದ ಟಗರಿನ ಮೈ ಬೋಳು. ಬೇಸಿಗೆಯ ಸೆಖೆಗೆ ಪಾಪ ಅನಿಸಿ ನಮ್ಮ ಕಾನ್‌ಸ್ಟೇಬಲ್ಲೇ ಉಣ್ಣೆ ಕತ್ತರಿಸಿ ತೆಗೆಸಿದ್ದ. ಜಪ್ತಿಯಾದ ಟಗರು ಬೇರೆ, ಈ ಟಗರು ಬೇರೆ ಎಂದು ನಾನು ಅರ್ಧ ಗಂಟೆ ವಾದಿಸಿದೆ. ಕತ್ತರಿಸಿದ್ದಕ್ಕೆ ಕೋರ್ಟಿನ ಅನುಮತಿ ಎಲ್ಲಿ ಎಂದೂ ಕೇಳಿದೆ.

ನ್ಯಾಯಾಧೀಶರು ಕನ್ನಡಕ ತೆಗೆದು, “ವಕೀಲರೇ, ಇದಕ್ಕೆ ಇಂಗ್ಲಿಷಿನಲ್ಲಿ ಪೆಟಿಫಾಗಿಂಗ್ ಅಂತಾರೆ” ಎಂದರು.

ಆ ಪದ ನಾನು ಕೇಳಿರಲಿಲ್ಲ. ಗೊತ್ತಿದ್ದವನಂತೆ ತಲೆಬಾಗಿದೆ. ರಾಯಚೂರಿಗೆ ಬಂದವನೇ ವಕೀಲರ ಸಂಘದ ದೊಡ್ಡ ನಿಘಂಟು ತೆಗೆಸಿದೆ. ನಾನೂರು ವರ್ಷಕ್ಕೂ ಹಳೆಯ ಪದ. ಪೆಟಿ ಅಂದರೆ ಸಣ್ಣದು. ಫಾಗಿಂಗ್ ಬಂದದ್ದು ಫಾಗರ್ ಎಂಬ ಪದದಿಂದ; ಮಂಜು ಎಂಬ ಅರ್ಥದ ಫಾಗ್‌ಗೂ ಅದಕ್ಕೂ ಸಂಬಂಧವಿಲ್ಲ. ಹಿಂದೆ ಜರ್ಮನಿಯಲ್ಲಿ ಭಾರೀ ಶ್ರೀಮಂತ ವ್ಯಾಪಾರಿ ಮನೆತನವೊಂದಿತ್ತಂತೆ. ಫಾಗರ್ ಎಂಬಂತೆಯೇ ಕೇಳಿಸುವ ಅವರ ಹೆಸರೇ ಊರೂರು ಸುತ್ತಿ, ಮೋಸದ ವ್ಯವಹಾರ ಮಾಡುವವನು ಎಂಬ ಅರ್ಥಕ್ಕೆ ಬಂದು ನಿಂತಿತು ಎಂದು ಕೆಲವರು ಹೇಳುತ್ತಾರೆ. ಖಚಿತವಿಲ್ಲ ಎಂದು ಇನ್ನು ಕೆಲವರ ತಕರಾರು. ಸಣ್ಣ ಕೇಸು ಹಿಡಿದು, ಸಣ್ಣ ತಕರಾರು ತೆಗೆದು ಬದುಕುವ ವಕೀಲರಿಗೆ ಅದು ಅಂಟಿಕೊಂಡಿತು. ಓದಿ ನನಗೆ ಬಹಳ ಬೇಜಾರಾಯಿತು. ಅಲ್ಲಿಂದ ಇಲ್ಲಿಯತನಕ ಬಂದು ದೇವದುರ್ಗದಲ್ಲಿ ನನ್ನ ಕೊರಳಿಗೇ ಬೀಳಬೇಕಿತ್ತೆ?

ಮುಂದಿನ ತಾರೀಖಿಗೆ ಮುದುಕಿ ಕೇಳಿದಳು: “ಸಾಹೇಬ್ರು ಅವತ್ತು ನಿಮಗ ಏನಂದ್ರು?”

“ಸಣ್ಣ ಸಣ್ಣ ತಕರಾರು ತಗೀತೀರಿ ಅಂದ್ರವ್ವಾ.”

“ತಗೀರಿ ಯಪ್ಪಾ. ತಕರಾರು ಸಣ್ಣದಾದ್ರೇನು, ಟಗರು ದೊಡ್ಡದದ.”

ಬಿಡುಗಡೆ

ಉಣ್ಣೆ ಗೆದ್ದಿತು. ಅದೇ ಟಗರು ಎಂದು ಸಾಬೀತಾಗಿಲ್ಲವೆಂದು ಮುದುಕಿಯನ್ನು ಬಿಡುಗಡೆ ಮಾಡಿದರು. ನಾನು ಬೀಗುತ್ತಾ ಹೊರಬಂದರೆ ಮುದುಕಿ ಅಳುಮೋರೆ ಮಾಡಿಕೊಂಡು ನಿಂತಿದ್ದಳು. “ನನ್ನ ಬಿಟ್ರು. ಟಗರು?”

ಟಗರನ್ನು ನನ್ನ ಕಕ್ಷಿದಾರಳಿಗೆ ಕೊಡಿಸಬೇಕೆಂದು ಅರ್ಜಿ ಹಾಕಿದೆ. ನ್ಯಾಯಾಧೀಶರು ಅದನ್ನು ನಿಧಾನವಾಗಿ ಓದಿದರು.

“ಆಕೆಯ ಹತ್ತಿರ ಜಪ್ತಿಯಾದ ಟಗರು ಇದಲ್ಲ ಅಂತ ನೀವೇ ವಾದಿಸಿದ್ದೀರಿ. ಈಗ ಇದು ಆಕೆಗೆ ಯಾಕೆ ಬೇಕು?”

ಅವರು ಬೀಗನನ್ನು ಕರೆದು, “ನಿನಗೆ ಬೇಕೇನಪ್ಪ?” ಎಂದರು.

“ಬ್ಯಾಡ್ರಿ ಸಾಹೇಬ್ರ,” ಅಂದ ಅವನು. “ಈ ಕೇಸು ಹಾಕಿದಾಗಿನಿಂದ ಸೊಸಿ ನನಗ ರೊಟ್ಟಿ ಬಡಿಯೋದು ಬಿಟ್ಟಾಳ್ರಿ.”

ಸೊಸೆ ಅಂದರೆ ಮುದುಕಿಯ ಮಗಳು. ನಾನು ತಟ್ಟನೆ ಎದ್ದೆ. “ಸ್ವಾಮಿ, ಇದು ಜಪ್ತಿಯಾದ ಟಗರಲ್ಲ ಅಂದ ಮೇಲೆ ಇದನ್ನು ಕಟ್ಟಿಹಾಕಲು ಕೋರ್ಟಿಗೂ ಅಧಿಕಾರವಿಲ್ಲ. ಹಗ್ಗ ಬಿಚ್ಚಿಸಿ. ಯಾರ ಹಿಂದೆ ಹೋಗುತ್ತದೋ ಹೋಗಲಿ” ಎಂದೆ.

ನ್ಯಾಯಾಧೀಶರು ಅರ್ಜಿಯನ್ನು ಬದಿಗಿಟ್ಟು, “ಬಿಚ್ಚಿ” ಎಂದರು.

ಹೊರಗೆ ಬೇವಿನ ಮರಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿದರು. ಮುದುಕಿ ಎರಡೂ ಕೈ ಚಾಚಿ ನಿಂತಳು. ಟಗರು ಅವಳನ್ನು ಮೂಸಿ, ದಾಟಿ, ನೇರವಾಗಿ ಹೋಗಿ ಕಾನ್‌ಸ್ಟೇಬಲ್ಲಿನ ಪ್ಯಾಂಟಿನ ಜೇಬಿಗೆ ಮೂತಿ ಹಾಕಿತು. ಇಷ್ಟು ದಿನ ಆ ಜೇಬಿನಿಂದ ಅದಕ್ಕೆ ಶೇಂಗಾ ಸಿಗುತ್ತಿತ್ತು. ಅವನು ಕೋರ್ಟಿನ ಬಾಗಿಲಿಗೆ ಬಂದು ನಿಂತಿದ್ದ ನ್ಯಾಯಾಧೀಶರನ್ನು ನೋಡಿ ಎರಡೂ ಕೈ ಮೇಲೆತ್ತಿದ. “ಇದು ನಂದಲ್ರಿ ಸಾಹೇಬ್ರ.”

ಮುದುಕಿ ಕಿವಿ ಹಿಡಿದು ಎಳೆದಳು, ಬೆನ್ನು ಸವರಿದಳು, ಬೈದಳು. ಟಗರು ಜೇಬು ಬಿಡಲಿಲ್ಲ. ಕೊನೆಗೆ ಕಾನ್‌ಸ್ಟೇಬಲ್ಲೇ ಅದನ್ನು ಅವಳ ಹಿಂಡಿನವರೆಗೆ ಬಿಟ್ಟುಬರುವುದು ಎಂದಾಯಿತು.

ಹೀಗೆ ಆ ಮಧ್ಯಾಹ್ನ ದೇವದುರ್ಗದ ಬಜಾರಿನ ನಡುವೆ ಮುಂದೆ ಮುದುಕಿ, ಹಿಂದೆ ಖಾಕಿ ತೊಟ್ಟ ಪೊಲೀಸ್, ಅವನ ಜೇಬಿಗೆ ಮೂತಿಯಿಟ್ಟ ಟಗರು ಸಾಗಿದರು. ಟಗರು ಮನೆಗೆ ಹೊರಟಿದೆ ಎಂಬ ಸಂತೋಷದಲ್ಲಿ ನಾನೂ ಜೊತೆಗೆ ನಡೆದೆ. ಅಂಗಡಿ ಅಂಗಡಿಯಿಂದ ಜನ ಹೊರಬಂದು, “ಮುದುಕಿ ಮತ್ತೇನು ಕದ್ದಳು?” ಎಂದು ಕೇಳತೊಡಗಿದರು.

ಮುದುಕಿ ಸೆರಗು ಮುಖಕ್ಕೆ ಎಳೆದುಕೊಂಡು ನನ್ನ ಕಡೆ ತಿರುಗಿದಳು. “ಕೇಸು ನಡದಾಗ ಒಬ್ಬಾಕೀನs ಬಂದು ಹೋಗ್ತಿದ್ನೆಪ್ಪಾ. ನೀವು ಬಿಡುಗಡಿ ಮಾಡಿಸಿದ ಮ್ಯಾಲ ನೋಡ್ರಿ, ಪೊಲೀಸ್ರು ಬೆನ್ನು ಹತ್ಯಾರ.”