ಹಾಲಿವುಡ್ ನಟಿಯ ಹರಾಜಿನಲ್ಲಿ ನಾನೆತ್ತಿದ ಕೈ

ಹರಾಜಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಆ ಶನಿವಾರ ಬೆಳಿಗ್ಗೆ ನಾನು ಹೆಂಡತಿಗೆ ಹೇಳಿದೆ. ಹೇಳಿದ್ದು ನಿಜ. ಹಲ್ಲುಜ್ಜುತ್ತಾ ಹೇಳಿದೆ ಎಂಬುದೂ ನಿಜ. ಈಚೆಗೆ ಅವಳು ಬಂದವರ ಮುಂದೆಲ್ಲ ಆ ಮಾತನ್ನು ನನ್ನ ಧ್ವನಿಯಲ್ಲೇ, ಬಾಯಲ್ಲಿ ನೊರೆ ತುಂಬಿಕೊಂಡವರ ಹಾಗೆ ಅಭಿನಯಿಸಿ ತೋರಿಸುತ್ತಿದ್ದಾಳೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ನಾನೇ ಬರೆದಿಡುವುದು ಒಳ್ಳೆಯದು. ಹರಾಜಿನಲ್ಲಿ ಎತ್ತಿದ್ದೂ ಈಗ ಬರೆಯುತ್ತಿರುವುದೂ ಅದೇ ಕೈ!

ನಾವಿರುವುದು ಡಚ್ಚರ ನಾಡಿನ ನ್ಯೂವೆಗೈನ್ ಎಂಬ ಊರಿನಲ್ಲಿ. ನಾನು ದಿನಾ ಟ್ರಾಮ್ ಹಿಡಿದು ಯುಟ್ರೆಕ್ಟ್‌ನ ಆಫೀಸಿಗೆ ಹೋಗುವವನು. ಪಕ್ಕದ ಮನೆಯವರು ಯೋಪ್ ಮತ್ತು ತೀನೆಕೆ, ಎಂಬತ್ತು ದಾಟಿದ ಗಂಡ ಹೆಂಡತಿ. ಯೋಪ್ ಅವರಿಗೆ ಇದ್ದದ್ದು ಒಂದೇ ಚಟ, ಲೋರ್ನಾ ವೇಲ್ ಎಂಬ ಕಪ್ಪು-ಬಿಳುಪಿನ ಕಾಲದ ಹಾಲಿವುಡ್ ನಟಿ. ಅವಳ ಫೋಟೋಗಳು, ಪೋಸ್ಟರುಗಳು, ಅವಳು ತೊಟ್ಟಿದ್ದಳೆನ್ನಲಾದ ಕೈಗವಸು, ಅವಳ ಟೋಪಿ ಇದ್ದಿತೆನ್ನಲಾದ ಡಬ್ಬಿ, ಎಲ್ಲವನ್ನೂ ಜೀವಮಾನವಿಡೀ ಕೂಡಿಹಾಕಿದ್ದರು. ಅವರ ಮನೆಯಲ್ಲಿ ಶೌಚಾಲಯಕ್ಕೆ ಹೋದರೂ ಆಕೆ ಒಂದು ಹುಬ್ಬೇರಿಸಿ ನಮ್ಮನ್ನೇ ನೋಡುತ್ತಿರುತ್ತಿದ್ದಳು. ಬಂದ ಕೆಲಸ ಮರೆತು ನಾನು ಹಾಗೇ ಹಿಂತಿರುಗಿದ್ದುಂಟು.

ಈಗ ಇಬ್ಬರಿಗೂ ಮೆಟ್ಟಿಲು ಹತ್ತುವುದು ಕಷ್ಟ. ಇದೇ ಊರಿನಲ್ಲಿ ನೆಲಮಹಡಿಯ ಪುಟ್ಟ ಮನೆಯೊಂದಕ್ಕೆ ಹೋಗಲಿದ್ದರು. ಅಲ್ಲಿ ಗೋಡೆಗಳು ಸಾಲವು. ಹಾಗಾಗಿ ಲೋರ್ನಾ ಪೂರ್ತಿಯಾಗಿ ಯುಟ್ರೆಕ್ಟ್‌ನ ಒಂದು ಹರಾಜು ಮಳಿಗೆ ಸೇರಿದಳು.

"ಸಲೀಂ, ಶನಿವಾರ ನನ್ ಜೊತೆ ಬರ್ತೀಯಾ?" ಎಂದರು ಯೋಪ್. "ತೀನೆಕೆ ಮಂಡಿನೋವು ಅಂತಿದ್ದಾಳೆ. ಒಬ್ಬನೇ ಕೂತು ನೋಡೋಕೆ ನನ್ ಕೈಲಾಗಲ್ಲ."

"ನೀವು ಚಿಂತೆ ಬಿಡಿ. ನಾನಿದ್ದೀನಿ" ಎಂದೆ. ಈ ನಾಲ್ಕು ಪದಗಳ ಬೆಲೆ ಆಗ ನನಗೆ ಗೊತ್ತಿರಲಿಲ್ಲ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಮಸೀದಿಯ ಅಂಗಳದಲ್ಲಿ ಶುಕ್ರವಾರದ ನಮಾಜ್ ಮುಗಿದ ಮೇಲೆ ಹರಾಜು ನಡೆಯುತ್ತಿತ್ತು. ಯಾರೋ ಹರಕೆಗೆಂದು ಕೊಟ್ಟ ಕೋಳಿ, ಇನ್ಯಾರೋ ಕೊಟ್ಟ ಕುಂಬಳಕಾಯಿ, ಒಂದು ಬುಟ್ಟಿ ಮೊಟ್ಟೆ. ಅಲ್ಲಿ ಬೆಲೆ ಏರಿಸುವುದು ವಸ್ತು ಬೇಕೆಂದಲ್ಲ, ಕೊಟ್ಟವನ ಮರ್ಯಾದೆಗೆ. ಗೆಳೆಯನ ಕುಂಬಳಕಾಯಿ ಮೊದಲ ಕೂಗಿಗೇ ಹೋಗಲು ಬಿಟ್ಟವನು ಗೆಳೆಯನೇ ಅಲ್ಲ. ನಾವು ಏರಿಸುತ್ತೇವೆ, ನಮ್ಮ ಮೇಲೆ ಇನ್ನೊಬ್ಬ ಏರಿಸುತ್ತಾನೆ. ಕೊನೆಗೆ ಗೆದ್ದವನು ಹಣ ಕೊಟ್ಟು, ವಸ್ತುವನ್ನು ತಿರುಗಿ ಕಟ್ಟೆಯ ಮೇಲಿಟ್ಟು, "ಮತ್ತೊಮ್ಮೆ ಕೂಗ್ರಿ" ಎನ್ನುತ್ತಾನೆ. ಒಂದೇ ಕೋಳಿ ಹಲವು ಸಲ ಮಾರಾಟವಾಗಿ, ಕಡೆಗೆ ಯಾರ ಮನೆಗೆ ಹೋಗಬೇಕೆಂದು ತಿಳಿಯದೆ ತಾನೇ ಕಂಗಾಲಾಗಿರುತ್ತಿತ್ತು. ನಮ್ಮ ಅಬ್ಬಾ ಈ ವಿದ್ಯೆಯಲ್ಲಿ ನಿಪುಣರು. ನಾನು ಅವರ ಮಗ.

ಇನ್ನು, ಶನಿವಾರ ನಾವಿಬ್ಬರೂ ಹೊರಟ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತೆಂಬುದು ನನಗೆ ತಿಳಿದದ್ದು ಆಮೇಲೆ. ಓದುವವರಿಗೆ ಈಗಲೇ ತಿಳಿಸುವುದು ನ್ಯಾಯ.

ನಾನೂ ಯೋಪ್ ಅವರೂ ಟ್ರಾಮ್ ಹತ್ತಿದ ಕೂಡಲೇ ತೀನೆಕೆ, ನೋವಿದ್ದ ಮಂಡಿಯ ಸಮೇತ, ನಮ್ಮ ಮನೆಗೆ ಬಂದು ನನ್ನ ಹೆಂಡತಿ ರೆಹಾನಾಳ ಮುಂದೆ ಕೂತರು. ಹರಾಜಿಗೆ ಹೋದವುಗಳಲ್ಲಿ ಒಂದು ಫೋಟೋ ಅವರಿಗೆ ಬೇಕಿತ್ತು. ಲೋರ್ನಾ ವೇಲ್ ಒಮ್ಮೆ ಯುಟ್ರೆಕ್ಟ್‌ಗೆ ಬಂದಿದ್ದಾಗ ರೈಲು ನಿಲ್ದಾಣದ ಮುಂದೆ ಯಾರೋ ತೆಗೆದದ್ದು. ಅದರ ಮೂಲೆಯಲ್ಲಿ, ಗುಂಪಿನ ಅಂಚಿನಲ್ಲಿ, ಸೈಕಲ್ ಹಿಡಿದು ನಿಂತ ಹುಡುಗಿಯೇ ತೀನೆಕೆ. ಅವರೂ ಯೋಪ್ ಅವರೂ ಮೊದಲು ಭೇಟಿಯಾದದ್ದು ಆ ದಿನ.

"ಹಾಗಾದ್ರೆ ಯೋಪ್ ಅವರಿಗೆ ಹೇಳಿಬಿಡಿ. ವಾಪಸ್ ತರ್ತಾರೆ" ಎಂದಳು ರೆಹಾನಾ.

"ಯಾಕೆ ಹೇಳ್ಲಿ?" ಎಂದರಂತೆ ತೀನೆಕೆ. "ಅಷ್ಟು ವರ್ಷ ಅದು ಹಜಾರದಲ್ಲೇ ಇತ್ತು. ದಿನಾ ನೋಡ್ತಿದ್ದ. ಅವಳನ್ನ ನೋಡ್ತಿದ್ದ, ನನ್ನ ನೋಡಿಲ್ಲ. ಮಾರೋ ಪೆಟ್ಟಿಗೆಗೆ ತಾನೇ ಕೈಯಾರೆ ಹಾಕಿದ. ಇನ್ನು ನಾನು ಕೇಳಲ್ಲ. ಕೊಂಡ್ಕೋತೀನಿ!"

ಆ ವೃದ್ಧ ದಂಪತಿಯದು ಒಂದೇ ಬ್ಯಾಂಕ್ ಖಾತೆ. ಅದರಿಂದ ಕೊಂಡರೆ ಯೋಪ್‌ಗೆ ತಿಳಿಯುತ್ತದೆ. ಅದಕ್ಕೆ ರೆಹಾನಾ ತನ್ನ ಹೆಸರಿನಲ್ಲಿ, ನಮ್ಮ ಖಾತೆ ಕೊಟ್ಟು, ಲ್ಯಾಪ್‌ಟಾಪಿನಿಂದ ಹರಾಜು ಕೂಗಲು ನೋಂದಾಯಿಸಿಕೊಂಡಳು. ನನಗೇಕೆ ಹೇಳಲಿಲ್ಲವೆಂದು ಆಮೇಲೆ ಕೇಳಿದ್ದಕ್ಕೆ, "ನಿಮ್ಮ ಬಾಯಾಗ ಮಾತು ನಿಂತಿದ್ದು ನಾ ಯಾವಾಗ ನೋಡೇನ್ರಿ?" ಎಂದಳು. ಈ ಆರೋಪವನ್ನು ಅಲ್ಲಗಳೆಯಲಾರೆ.

ಹರಾಜು ಮಳಿಗೆಯಲ್ಲಿ ನಾನೂ ಗುರುತಿನ ಚೀಟಿ ತೋರಿಸಿ, ನಂಬರು ಬರೆದ ರಟ್ಟೊಂದನ್ನು ಪಡೆದೆ. "ನೀನೂ ಕೂಗ್ತೀಯಾ?" ಎಂದು ಯೋಪ್ ಹುಬ್ಬೇರಿಸಿದರು. "ಸುಮ್ನೆ, ಕೈಯಲ್ಲಿರಲಿ" ಎಂದೆ.

ಅದು ಹರಾಜೋ ಶೋಕಸಭೆಯೋ ಹೇಳುವುದು ಕಷ್ಟ. ಯಾರೂ ಕೂಗುವುದೇ ಇಲ್ಲ. ಬೂದು ಕೋಟಿನ ಹೆಂಗಸೊಬ್ಬರು ಎತ್ತರದ ಮೇಜಿನ ಹಿಂದೆ ನಿಂತು ಬೆಲೆ ಹೇಳುತ್ತಾರೆ, ಕೆಳಗೆ ಕೂತವರು ಮೀನಿನ ಹಾಗೆ ನೋಡುತ್ತಾರೆ. ಮೊದಲು ಬಂದದ್ದು ಟೋಪಿಯ ಡಬ್ಬಿ. ಆಕೆ ಬೆಲೆ ಹೇಳಿದರು. ಮೌನ. ಇಳಿಸಿ ಹೇಳಿದರು. ಮೌನ. ಪಕ್ಕದಲ್ಲಿ ಯೋಪ್ ಅವರ ಕಿವಿ ಕೆಂಪಾಗುವುದನ್ನು ನಾನು ಕಣ್ಣಾರೆ ಕಂಡೆ. ತಡೆಯಲಾಗಲಿಲ್ಲ. ರಟ್ಟು ಎತ್ತಿದೆ.

ಈಗ ಇನ್ನೊಬ್ಬರು ಏರಿಸಬೇಕು. ಅದು ಸಂಪ್ರದಾಯ. ನಾನು ಹಿಂದೆ ತಿರುಗಿ, "ಹೂಂ, ಏಳಿ" ಎಂಬಂತೆ ಸಭೆಯನ್ನು ನೋಡಿದೆ. ಸಭೆ ನನ್ನನ್ನು ನೋಡಿತು.

ಟಪ್! ಸುತ್ತಿಗೆ ಬಿತ್ತು. ಡಬ್ಬಿ ನನ್ನದಾಯಿತು.

ಮುಂದಿನದು ಲೋರ್ನಾಳ ಆಳೆತ್ತರದ ರಟ್ಟಿನ ಪ್ರತಿಮೆ, ಯಾವುದೋ ಚಿತ್ರಮಂದಿರದ ಬಾಗಿಲಲ್ಲಿ ನಿಲ್ಲಿಸಿದ್ದಂತೆ. ಮತ್ತೆ ಮೌನ, ಮತ್ತೆ ಕಿವಿ, ಮತ್ತೆ ಕೈ. ಟಪ್!

"ಸಲೀಂ," ಯೋಪ್ ಮೆಲ್ಲಗೆ ಕೇಳಿದರು, "ನಿಮ್ಮನೇಲಿ ಜಾಗ ಇದೆಯಾ?"

ಆಮೇಲೆ ಕೈಗವಸು ಬಂತು. ಟಿಲ್‌ಬರ್ಗ್‌ನಿಂದ ಬಂದಿದ್ದ ಗಡ್ಡದವರೊಬ್ಬರೂ ಮುಂದಿನ ಸಾಲಿನ ಹೆಂಗಸೊಬ್ಬರೂ ಒಂದೂ ಮಾತಾಡದೆ, ಒಬ್ಬರು ಪೆನ್ನು, ಇನ್ನೊಬ್ಬರು ಬೆರಳು ಎತ್ತುತ್ತಾ ಬೆಲೆಯನ್ನು ಛಾವಣಿಗೆ ಮುಟ್ಟಿಸಿದರು. ಆಗಲಾದರೂ ನನಗೆ ಅರ್ಥವಾಗಬೇಕಿತ್ತು. ಬೆಲೆಯುಳ್ಳದ್ದಕ್ಕೆ ಅಲ್ಲಿ ಜನರಿದ್ದರು. ಯಾರಿಗೂ ಬೇಡವಾದದ್ದು ಮಾತ್ರ ನನ್ನ ಪಾಲಿಗೆ ಬರುತ್ತಿತ್ತು. ಅರ್ಥವಾಗಲಿಲ್ಲ!

ನಂತರ ಆ ಫೋಟೋ ಬಂತು. ಪರದೆಯ ಮೇಲೆ ದೊಡ್ಡದಾಗಿ ಕಂಡಿತು. ಲೋರ್ನಾಳ ಮುಖ ಸರಿಯಾಗಿ ಬಿದ್ದಿರಲಿಲ್ಲ, ಅರ್ಧ ಟೋಪಿ, ಅರ್ಧ ಗಲ್ಲ. ಟಿಲ್‌ಬರ್ಗ್‌ನವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಕೆಂಪು ಏರತೊಡಗಿದ ಕಿವಿಯನ್ನು ಕಂಡು ನಾನು ಕೈ ಎತ್ತಿದೆ.

"ಇಂಟರ್ನೆಟ್‌ನಲ್ಲಿ ಒಬ್ಬರಿದ್ದಾರೆ" ಎಂದರು ಬೂದು ಕೋಟಿನವರು.

ನನ್ನ ಕಣ್ಣು ತುಂಬಿ ಬಂತು. ಕೊನೆಗೂ ಒಬ್ಬ ಮರ್ಯಾದಸ್ಥ! ಎಲ್ಲೋ ದೂರದಲ್ಲಿ ಕೂತು, ಯೋಪ್ ಅವರ ಗೌರವಕ್ಕಾಗಿ ಏರಿಸುತ್ತಿರುವ ಪುಣ್ಯಾತ್ಮ. ಅವನನ್ನು ಒಂಟಿಯಾಗಿ ಬಿಡುವುದು ಸೌಜನ್ಯವಲ್ಲ. ಏರಿಸಿದೆ. ಅವನೂ ಏರಿಸಿದ. ನಾನು ಪರದೆಯತ್ತ ತಲೆಬಾಗಿಸಿ ಮತ್ತೆ ಏರಿಸಿದೆ.

ಅತ್ತ ನಮ್ಮ ಅಡುಗೆಮನೆಯಲ್ಲಿ ತೀನೆಕೆ, "ಯಾರೋ ಆಮ್‌ಸ್ಟರ್‌ಡ್ಯಾಮಿನ ವ್ಯಾಪಾರಿ ಇರ್ಬೇಕು, ಹದ್ದು!" ಎನ್ನುತ್ತಿದ್ದರು. ರೆಹಾನಾ ತೋಳೇರಿಸಿಕೊಂಡು, "ಬಿಡಬೇಡಿ ಅಜ್ಜಿ, ಇವನಿಗೆ ಬುದ್ಧಿ ಕಲಿಸೋಣ" ಎನ್ನುತ್ತಾ ಗುಂಡಿ ಒತ್ತುತ್ತಿದ್ದಳು. ಗಂಡ ಹೆಂಡತಿ ಇಬ್ಬರೂ ಒಂದೇ ಖಾತೆಯ ಹಣದಿಂದ, ಇಬ್ಬರು ಮುದುಕರ ಮೇಲಿನ ಪ್ರೀತಿಗಾಗಿ, ಒಬ್ಬರನ್ನೊಬ್ಬರು ಸದೆಬಡಿಯುತ್ತಿದ್ದೆವು. ನಿಖಾ ಆದಾಗಿನಿಂದ ನಾವು ಇಷ್ಟು ಒಗ್ಗಟ್ಟಿನಿಂದ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಸಭೆ ಎದ್ದು ಕೂತಿತು. ಟಿಲ್‌ಬರ್ಗ್‌ನವರು ಕನ್ನಡಕ ಒರೆಸಿಕೊಂಡು ಫೋಟೋವನ್ನು ಹೊಸದಾಗಿ ನೋಡಿದರು. ಯೋಪ್ ನನ್ನ ತೋಳು ಹಿಡಿದು, "ಸಾಕಪ್ಪ, ಸಾಕು" ಎಂದರು. ಕೊಟ್ಟವನು ಹಾಗೆ ಹೇಳುವುದೂ ಸಂಪ್ರದಾಯವೇ! ಇನ್ನೊಮ್ಮೆ ಎತ್ತಿದೆ.

ಅಡುಗೆಮನೆಯಲ್ಲಿ ತೀನೆಕೆ ತಾವೇ ಕೈಚಾಚಿ ಲ್ಯಾಪ್‌ಟಾಪ್ ಮುಚ್ಚಿದರಂತೆ. "ಬೇಡ ಮಗಳೇ. ಹೋಗಲಿ" ಎಂದರಂತೆ. ಈ ವಾಕ್ಯವನ್ನು ಬರೆಯುವುದು ನನಗೆ ಸುಲಭವಾಗಿಲ್ಲ.

ಟಪ್!

ನಾನು ಎದ್ದು ನಿಂತೆ. ಎದೆಯುಬ್ಬಿಸಿ, ಗಂಟಲು ಸರಿಮಾಡಿಕೊಂಡು, ಡಚ್ಚರು ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಕರೆದು ಹೇಳಿದೆ: "ಮೆವ್ರಾವ್, ಈ ಫೋಟೋವನ್ನು ನಾನು ಸಂತೋಷದಿಂದ ವಾಪಸ್ ಕೊಡುತ್ತಿದ್ದೇನೆ. ದಯವಿಟ್ಟು ಮತ್ತೊಮ್ಮೆ ಕೂಗಿ."

ಆಕೆ ಸುತ್ತಿಗೆಯನ್ನು ನಿಧಾನವಾಗಿ ಕೆಳಗಿಟ್ಟರು. "ಮೆನೇರ್, ನಿಮಗೆ ಹಣ ಕೊಡಲು ಇಷ್ಟವಿಲ್ಲವೇ?"

"ಅಯ್ಯೋ, ಹಣ ಕೊಡ್ತೀನಿ. ವಸ್ತು ಬೇಡ."

"ಬೇಡವಾದರೆ ಯಾಕೆ ಕೊಂಡಿರಿ?"

ಇದಕ್ಕೆ ಉತ್ತರವಾಗಿ ನಾನು ಹುಬ್ಬಳ್ಳಿ, ಶುಕ್ರವಾರ, ಕುಂಬಳಕಾಯಿ ಎಂಬ ಮೂರು ವಿಷಯಗಳನ್ನು ನನ್ನ ಅರೆಬರೆ ಡಚ್‌ನಲ್ಲಿ ವಿವರಿಸಿದೆ. ಮಳಿಗೆಯ ಇಬ್ಬರು ದಷ್ಟಪುಷ್ಟ ನೌಕರರು ನನ್ನ ಸಾಲಿನ ಕಡೆ ಬಂದು ನಿಂತರು. ಯೋಪ್ ಕೋಲೂರಿ ಎದ್ದರು. "ಇವನು ನಮ್ಮ ಪಕ್ಕದ ಮನೆಯವನು. ತುಂಬಾ ಒಳ್ಳೆಯ ಹುಡುಗ" ಎಂದರು. ಸ್ವಲ್ಪ ಯೋಚಿಸಿ, "ಇವತ್ತು ದಣಿದಿದ್ದಾನೆ" ಎಂದು ಸೇರಿಸಿದರು. ಮರ್ಯಾದೆ ಉಳಿಸಲು ಹೋದವನ ಮರ್ಯಾದೆಯನ್ನು ಅವರೇ ಉಳಿಸಿದರು.

ಕೂಗಿದ ಬೆಲೆಯ ಮೇಲೆ ಮಳಿಗೆಯವರ ಪಾಲು ಎಂದು ಇನ್ನಷ್ಟು ಕೊಡಬೇಕೆಂಬುದು ಹಣ ಕಟ್ಟುವ ಕಿಟಕಿಯಲ್ಲಿ ತಿಳಿಯಿತು. ಅದಕ್ಕೆ ಓಪ್‌ಗೆಲ್ಟ್ ಎನ್ನುತ್ತಾರೆ. ನಮ್ಮ ಮಸೀದಿಯಲ್ಲಿ ಅದಿರಲಿಲ್ಲ.

ಟ್ರಾಮ್‌ನಲ್ಲಿ ರಟ್ಟಿನ ಲೋರ್ನಾಳ ತಲೆ ಯೋಪ್ ಹಿಡಿದರು, ಕಾಲು ನಾನು. ಎದುರು ಕೂತವನು, "ಇವರು ಟಿಕೆಟ್ ಕಾರ್ಡ್ ತೋರಿಸಿ ಚೆಕ್-ಇನ್ ಮಾಡಿದ್ದಾರಾ?" ಎಂದು ಕೇಳಿದ. ಇಡೀ ಟ್ರಾಮ್ ನಕ್ಕಿತು. ಯೋಪ್ ನಗಲಿಲ್ಲ. ಖಾಲಿ ಗೋಡೆಗಳ ಮನೆಗೆ ಹೋಗುತ್ತಿದ್ದವರು ಅವರು.

ಬಾಗಿಲು ತೆರೆದವಳು ರೆಹಾನಾ. ಅವಳ ಕೈಯಲ್ಲಿ ಮೊಬೈಲ್ ಇತ್ತು. ನಾನು ಹಣ ಕಟ್ಟಿದ ಕ್ಷಣವೇ ಬ್ಯಾಂಕಿನಿಂದ ಸಂದೇಶ ಅವಳಿಗೂ ಹೋಗಿತ್ತು. ಆಮ್‌ಸ್ಟರ್‌ಡ್ಯಾಮಿನ ಹದ್ದು ಯಾರೆಂದು ಅವಳಿಗೆ ಆಗಲೇ ತಿಳಿದಿತ್ತು. ನಮ್ಮ ಮನೆಯಲ್ಲಿ ಪ್ರೀತಿಯ ಮಾತೆಲ್ಲ ದಖನಿಯಲ್ಲಿ, ವಿಚಾರಣೆ ಮಾತ್ರ ಹುಬ್ಬಳ್ಳಿ ಕನ್ನಡದಲ್ಲಿ.

"ಬರ್ರಿ," ಎಂದಳು ಕನ್ನಡದಲ್ಲಿ. "ಮೂರೂ ಮಂದಿ ಒಳಗ ಬರ್ರಿ."

ಅಡುಗೆಮನೆಯಲ್ಲಿ ತೀನೆಕೆ ಇದ್ದರು. ಯೋಪ್ ಅವರಿಗೆ ಆಶ್ಚರ್ಯ. "ಮಂಡಿ?" ಎಂದರು. ರೆಹಾನಾ ನನ್ನ ಕಿವಿಯಲ್ಲಿ ಎಲ್ಲವನ್ನೂ ಎರಡು ಉಸಿರಿನಲ್ಲಿ ಹೇಳಿದಳು. ಪೊಟ್ಟಣ ಬಿಚ್ಚಿ ಫೋಟೋವನ್ನು ತೀನೆಕೆಯ ಮುಂದೆ ಮೇಜಿನ ಮೇಲಿಟ್ಟೆ.

"ಇದು ನಿಮ್ಮದು" ಎಂದೆ.

"ಇವಳಿಗ್ಯಾಕೆ?" ಎಂದರು ಯೋಪ್. "ಇವಳಿಗೆ ಲೋರ್ನಾ ಕಂಡರೆ ಆಗಲ್ಲ."

ಯೋಪ್ ಕನ್ನಡಕ ತೆಗೆದು, ಫೋಟೋದ ಮೇಲೆ ಬಾಗಿದರು. ನಾನು ಅವರ ಬೆರಳನ್ನೇ ನೋಡುತ್ತಿದ್ದೆ. ಅದು ಲೋರ್ನಾಳ ಟೋಪಿಯಿಂದ ಮೆಲ್ಲಗೆ ಹೊರಟು, ಗುಂಪನ್ನು ದಾಟಿ, ಮೂಲೆಗೆ ಬಂತು. ಅಲ್ಲಿ ಎಲ್ಲರೂ ನಟಿಯತ್ತ ನೋಡುತ್ತಿದ್ದರೆ ಒಬ್ಬ ಹುಡುಗಿ ಮಾತ್ರ ಕೆಳಗೆ ನೋಡುತ್ತಿದ್ದಳು. ಅವಳ ಸೈಕಲ್ಲಿನ ಪಕ್ಕದಲ್ಲಿ ಯಾರದೋ ಬಾಗಿದ ಬೆನ್ನು.

"ಹಸಿರು ಸೈಕಲ್," ಎಂದರು ಯೋಪ್.

ಫೋಟೋ ಕಪ್ಪು-ಬಿಳುಪಿನದು.

"ಚೈನ್ ಬಿದ್ದಿತ್ತು," ಎಂದರು. "ನಾನು ಹಾಕ್ತಾ ಇದ್ದೆ. ತಲೆ ಎತ್ತೋ ಹೊತ್ತಿಗೆ ಲೋರ್ನಾ ಕಾರು ಹತ್ತಿ ಹೋಗಿಬಿಟ್ಟಿದ್ದಳು. ನಾನು ಅವಳನ್ನ ನೋಡಲೇ ಇಲ್ಲ, ಸಲೀಂ. ಜೀವನದಲ್ಲಿ ಒಂದು ಸಲಾನೂ ನೋಡಿಲ್ಲ." ಫೋಟೋದಲ್ಲಿದ್ದ ತಮ್ಮದೇ ಬೆನ್ನನ್ನು ಮುಟ್ಟಿ ನೋಡಿದರು. "ಇದು ಇಲ್ಲಿತ್ತಾ? ಇಷ್ಟು ವರ್ಷ ಇಲ್ಲೇ ಇತ್ತಾ?"

"ಇತ್ತು, ಮುದಿಯ," ಎಂದರು ತೀನೆಕೆ. ಬೈಗುಳ ಅಷ್ಟು ಮೆತ್ತಗೆ ಇರಬಲ್ಲದೆಂದು ನನಗೆ ತಿಳಿದಿರಲಿಲ್ಲ.

ಫೋಟೋದ ಹಣದ ಮಾತನ್ನು ತೀನೆಕೆ ಎತ್ತಿದಾಗ ರೆಹಾನಾ ಕೈ ಅಡ್ಡ ಹಿಡಿದಳು. "ಬೇಡ. ಅದು ನನ್ನ ಗಂಡ ಹರಾಜಿನ ಪಾಠ ಕಲಿತ ಫೀಸು" ಎಂದಳು. ಯೋಪ್, ತೀನೆಕೆ ಇಬ್ಬರೂ ಫೋಟೋವನ್ನು ಒಂದೊಂದು ಕೈಯಲ್ಲಿ ಹಿಡಿದು ಹೊರಟರು. ಬಾಗಿಲಲ್ಲಿ ಯೋಪ್ ತಿರುಗಿದರು.

"ಒಂದು ಮಾತು ಸಲೀಂ. ಇವಳಿಗೆ ಬೇಕಿತ್ತು ಅಂತ ನಿನಗೆ ಗೊತ್ತಿರಲಿಲ್ಲ. ಮತ್ತೆ ಯಾಕೆ ಅಷ್ಟು ಏರಿಸಿದೆ?"

ನಿಮ್ಮ ಕಿವಿ ಕೆಂಪಾಗಿತ್ತು, ನೋಡಲಾಗಲಿಲ್ಲ ಎಂದು ಆ ಮುಖಕ್ಕೆ ಹೇಗೆ ಹೇಳಲಿ? ಹೇಳಿದರೆ ದುಡ್ಡು ಕೊಟ್ಟು ಏರಿಸಿದ ಮರ್ಯಾದೆಯನ್ನು ನಾನೇ ಇಳಿಸಿದಂತೆ. ಆ ನಟಿಯ ಒಂದು ಸಿನಿಮಾವನ್ನೂ ನೋಡಿರದ ನಾನು ಹೇಳಿದೆ:

"ನಾನು ಲೋರ್ನಾ ವೇಲ್ ಅಭಿಮಾನಿ!"

ಯೋಪ್ ಅವರ ಮುಖ ಅರಳಿದ ಬಗೆಯನ್ನು ವರ್ಣಿಸಲಾರೆ. ರೆಹಾನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ನಿದ್ದೆಯಲ್ಲೂ ಅವಳದೇ ಹೆಸರು ಹೇಳ್ತಾರೆ" ಎಂದು ಸಾಕ್ಷ್ಯ ನುಡಿದಳು.

ಅಂದಿನಿಂದ ಪ್ರತಿ ಭಾನುವಾರ ಯೋಪ್ ಅವಳ ಒಂದು ಸಿನಿಮಾ ತರುತ್ತಾರೆ. ನಾನು ಮುಂದೆ ಕೂತು ತಲೆದೂಗಬೇಕು. ಮೊನ್ನೆಯ ಚಿತ್ರದಲ್ಲಿ ಒಬ್ಬಳು ಒಂದು ಹುಬ್ಬೇರಿಸಿಕೊಂಡು ಮೆಟ್ಟಿಲಿಳಿದು ಬಂದು, ಕಿಟಕಿಯ ಬಳಿ ನಿಂತು, ಗಲ್ಲ ನಡುಗಿಸಿ ಅತ್ತಳು. ನಿಜಕ್ಕೂ ಚೆನ್ನಾಗಿ ಅತ್ತಳು. ನಾನು ತಲೆದೂಗಿ, "ವಾಹ್! ಏನೇ ಹೇಳಿ, ಲೋರ್ನಾ ಲೋರ್ನಾನೇ" ಎಂದೆ.

ಯೋಪ್ ಚಿತ್ರವನ್ನು ನಿಲ್ಲಿಸಿದರು. ಆಮೇಲೆ ನನ್ನ ಮಂಡಿಯನ್ನು ಮೆಲ್ಲಗೆ ತಟ್ಟಿ ಹೇಳಿದರು:

"ಇವಳು ಮನೆಗೆಲಸದವಳು, ಸಲೀಂ. ಲೋರ್ನಾ ಇನ್ನೂ ಬಂದಿಲ್ಲ."